ಅಪ್ಪನ ಕೋವಿಯ ಸುರುಳಿ ಬಿಚ್ಚಿದ್ದು

ನನ್ನ ಗಂಡ ವೆಂಡಲ್‌ಗೆ ಹೊಸ ವಿದ್ಯೆ ಯಾವುದಾದರೂ ಹತ್ತಿತೆಂದರೆ ನನಗೆ ಮೊದಲು ಸೊಂಟನೋವು ಶುರುವಾಗುತ್ತದೆ. ಜೇನು ಸಾಕುವ ವಿದ್ಯೆ ಹತ್ತಿದಾಗ ನೊಣಗಳೆಲ್ಲ ನಮ್ಮ ಹಿತ್ತಲು ಬಿಟ್ಟು ಪಾದ್ರಿಯವರ ಮನೆಯ ಹೊಗೆಗೂಡು ಸೇರಿದವು. ಅವನ್ನು ಬಿಡಿಸಲು ಏಣಿ ಹಿಡಿದು ನಿಂತವಳು ನಾನು. ಎಲೆಕೋಸು ಹುದುಗಿಸಿ ಹುಳಿ ಬರಿಸುವ ವಿದ್ಯೆ ಹತ್ತಿದಾಗ ನೆಲಮಾಳಿಗೆಯ ಜಾಡಿಗಳು ಸಿಡಿದವು. ನೆಲ ಒರೆಸಿದವಳೂ ನಾನೇ. ಹಾಗಾಗಿ ಹೋದ ಬೇಸಿಗೆಯಲ್ಲಿ ಅವನು ನನ್ನ ಅಡುಗೆಮನೆಯ ಮೇಜಿಗೆ ತೋಟಾ ತುಂಬುವ ಯಂತ್ರವೊಂದನ್ನು ತಿರುಪು ಹಾಕಿ ಬಿಗಿದು, "ವರ್ನಾ, ಇನ್ಮೇಲೆ ಈ ಮನೇಲಿ ಅಂಗಡಿ ತೋಟಾ ಅನ್ನೋ ಮಾತೇ ಬೇಡ," ಎಂದಾಗ ನಾನು ನೋವಿನ ಮುಲಾಮು ಎಲ್ಲಿದೆ ಎಂದು ಮಾತ್ರ ನೋಡಿಟ್ಟುಕೊಂಡೆ.

ನಮ್ಮ ಬ್ಯಾಜರ್ ಫ್ಲಾಟ್ ಊರಿನಲ್ಲಿ ತೋಟಾ ತುಂಬುವುದು ಯಾರೂ ಬೆರಗಾಗುವ ಸಂಗತಿಯಲ್ಲ. ವಯೋಮಿಂಗ್‌ನ ಈ ಬೋಳು ಬಯಲಿನಲ್ಲಿ ಗಾಳಿಯನ್ನು ಬಿಟ್ಟರೆ ಚಳಿಗಾಲಕ್ಕೆ ಬೇರೆ ಜೊತೆ ಇಲ್ಲ. ಹಾರಿಸಿ ಖಾಲಿಯಾದ ಹಿತ್ತಾಳೆ ಚಿಪ್ಪುಗಳನ್ನು ಗಂಡಸರು ಆರಿಸಿ ತರುತ್ತಾರೆ, ಉಜ್ಜುತ್ತಾರೆ, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಒತ್ತುತ್ತಾರೆ, ಮದ್ದು ತೂಗಿ ಸುರಿಯುತ್ತಾರೆ, ಬಾಯಿಗೆ ಗುಂಡು ಕೂರಿಸುತ್ತಾರೆ. ಬಾಯಿ ಮುಚ್ಚಿಕೊಂಡು ಮಾಡಬಹುದಾದ ಕೆಲಸ. ಊರಿನ ಹೆಂಗಸರು ಅದನ್ನು ಸಹಿಸಿಕೊಂಡಿರುವುದೂ ಅದಕ್ಕೇ. ಆದರೆ ನನ್ನ ಗಂಡ ಶಾಲೆಯ ಬಸ್ಸು ಓಡಿಸುವವನು. ಹಿಂದೆ ಕೂತ ಮಕ್ಕಳು ಅವನ ಮಾತು ಕೇಳುವುದಿಲ್ಲ, ಆದ್ದರಿಂದ ಆಡದೆ ಉಳಿದ ಮಾತನ್ನೆಲ್ಲ ಮನೆಗೆ ಹೊತ್ತು ತರುತ್ತಾನೆ.

ಅವನು ತೋಟಾ ತುಂಬಲು ಹೊರಟದ್ದು ನಮ್ಮ ಅಪ್ಪನ ರೈಫಲ್ಲಿಗೆ. ಅಪ್ಪ ಕೊನೆಯ ವರ್ಷಗಳನ್ನು ನಮ್ಮ ಮನೆಯಲ್ಲೇ ಕಳೆದರು. ಕರುಗಳ ಹಿಂದೆ ಬೀಳುವ ಕೊಯೋಟಿ ನರಿಗಳಿಗೆ ಆ ಕೋವಿಯೆಂದರೆ ಬಹಳ ಮರ್ಯಾದೆಯಿತ್ತು. ಅವರ ಕೆನ್ನೆ ಊರಿ ಊರಿ ಮರದ ಹಿಡಿಯ ಮೇಲೆ ಒಂದು ಕಡೆ ಬಣ್ಣ ಹೋಗಿ ನುಣುಪಾಗಿದೆ. ದೂಳು ಒರೆಸುವಾಗ ನನ್ನ ಕೈ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಸಾಯುವ ಮುಂಚೆ ಒಂದು ದಿನ ಊಟಕ್ಕೆ ಕೂತಾಗ ಅಪ್ಪ, "ಈ ಕೋವಿ ಚೆನ್ನಾಗಿ ಹೊಡೆಯೋರಿಗೆ ಹೋಗ್ಲಿ," ಎಂದಿದ್ದರು. ಅದು ಯಾರು ಎಂದು ಹೇಳುವಷ್ಟರಲ್ಲಿ ಆಲೂಗಡ್ಡೆಯ ಬಟ್ಟಲು ಅವರ ಕೈಗೆ ಬಂತು. ಅಪ್ಪ ಆಲೂಗಡ್ಡೆ ಬಡಿಸಿಕೊಂಡರು, ಮಾತು ಅಲ್ಲಿಗೇ ಬಿಟ್ಟರು. ಆ ಬಟ್ಟಲನ್ನು ಕೊಟ್ಟವನು ವೆಂಡಲ್.

ಇನ್ನು ನಳಿಗೆಯ ವಿಷಯ. ನಳಿಗೆಯ ಒಳಗೆ ಸುರುಳಿಯಾಗಿ ಗೀರು ಕೊರೆದಿರುತ್ತಾರೆ. ಗುಂಡು ಆ ಗೀರು ಹಿಡಿದು ಬುಗುರಿಯ ಹಾಗೆ ತಿರುಗುತ್ತ ಹೊರಬರುತ್ತದೆ. ಹಾಗೆ ತಿರುಗಿದರಷ್ಟೇ ಮೂತಿ ಮುಂದಿಟ್ಟುಕೊಂಡು ನೇರ ಹೋಗುತ್ತದೆ. ಸಡಿಲ ಸುರುಳಿಯ ನಳಿಗೆಯಲ್ಲಿ ಗುಂಡು ಹದಿನಾಲ್ಕು ಇಂಚು ಸಾಗುವಷ್ಟರಲ್ಲಿ ಒಂದು ಸುತ್ತು ತಿರುಗಿದರೆ, ಬಿಗಿ ಸುರುಳಿಯ ನಳಿಗೆಯಲ್ಲಿ ಏಳು ಇಂಚಿಗೇ ಒಂದು ಸುತ್ತು. ಹಗುರವಾದ ಗಿಡ್ಡ ಗುಂಡಿಗೆ ಸಡಿಲ ಸುರುಳಿ ಸಾಕು. ಭಾರವಾದ ಉದ್ದ ಗುಂಡಿಗೆ ಬಿಗಿ ಸುರುಳಿಯೇ ಬೇಕು, ಇಲ್ಲದಿದ್ದರೆ ಅದು ದಾರಿಯಲ್ಲೇ ಪಲ್ಟಿ ಹೊಡೆಯುತ್ತದೆ. ಇಷ್ಟೆಲ್ಲ ನನಗೆ ಗೊತ್ತಾಗಲು ನಾನೇನೂ ಕಷ್ಟಪಟ್ಟಿಲ್ಲ. ಬೆಳಗಿನ ಕಾಫಿಯಿಂದ ರಾತ್ರಿ ದೀಪ ಆರಿಸುವವರೆಗೆ ಅದನ್ನೇ ಕೇಳಿದ್ದೇನೆ. ಅಪ್ಪ ಮಾತ್ರ ಜೀವಮಾನವಿಡೀ ಹಗುರ ಗುಂಡನ್ನೇ ತುಂಬಿದರು. ಯಾಕೆ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

"ಅಳೆದು ನೋಡ್ಬೇಕು ವರ್ನಾ, ಅಳೆದು," ಎಂದು ವೆಂಡಲ್ ಒಂದು ಶನಿವಾರ ನಳಿಗೆ ಉಜ್ಜುವ ಉದ್ದನೆಯ ಸರಳು ತಂದ. ನಾನು ಬನ್ನಿಗೆ ಹಿಟ್ಟು ನಾದುತ್ತಿದ್ದೆ. ಸರಳಿನ ತುದಿಗೆ ಬಟ್ಟೆ ಸುತ್ತಿ ನಳಿಗೆಯೊಳಗೆ ತಳ್ಳಿದರೆ ಬಟ್ಟೆ ಗೀರು ಹಿಡಿದು ಸರಳನ್ನೂ ತಿರುಗಿಸುತ್ತದೆ. ಹೊರಗೆ ಕಾಣುವ ಸರಳಿಗೆ ಕಾಗದದ ಅಂಟುಪಟ್ಟಿಯ ಒಂದು ಕಿವಿ ಅಂಟಿಸಬೇಕು. ಆ ಕಿವಿ ಪೂರ್ತಿ ಒಂದು ಸುತ್ತು ಬರುವಷ್ಟರಲ್ಲಿ ಸರಳು ಎಷ್ಟು ಇಂಚು ಒಳಗೆ ಹೋಯಿತು ಎಂದು ನೋಡಬೇಕು. ಲೋಕದ ಎಲ್ಲರೂ ಒಂದು ಕಿವಿ ಅಂಟಿಸುತ್ತಾರೆ. ವೆಂಡಲ್ ಎರಡು ಅಂಟಿಸಿದ, ಮೇಲೊಂದು, ಕೆಳಗೊಂದು.

"ಎರಡ್ಯಾಕೋ?" ಎಂದೆ.

"ಸಮತೋಲ ಕಣೇ. ವಿಮಾನಕ್ಕೆ ಒಂದೇ ರೆಕ್ಕೆ ಇಡ್ತಾರಾ?"

ಸರಳು ತಳ್ಳಿದ. ಮೇಲಿದ್ದ ಕಿವಿ ನಿಧಾನಕ್ಕೆ ಕೆಳಗೆ ಹೋಯಿತು, ಕೆಳಗಿದ್ದದ್ದು ಮೇಲೆ ಬಂತು. ಮೇಲೊಂದು ಕಿವಿ ಕಂಡದ್ದೇ ತಡ ವೆಂಡಲ್ ಪೆನ್ಸಿಲ್ಲಿನಿಂದ ಗುರುತು ಹಾಕಿ ಟೇಪು ಹಿಡಿದ. ಬಂದದ್ದು ಬೇರೆ ಕಿವಿ, ಸರಳು ತಿರುಗಿದ್ದು ಅರ್ಧ ಸುತ್ತು ಎಂದು ಅವನಿಗೆ ಹೊಳೆಯಲಿಲ್ಲ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿದ್ದ ನನಗೂ ಆಗ ಹೊಳೆಯಲಿಲ್ಲ.

"ಏಳು!" ಎಂದು ಕೂಗಿದ. "ಏಳು ಇಂಚಿಗೆ ಒಂದು ಸುತ್ತು! ಆ ಕಾಲದ ಕೋವಿಗೆ ಏಳರ ನಳಿಗೆ! ಇಂಥದ್ದು ಈ ಜಿಲ್ಲೇಲೇ ಇಲ್ಲ. ನಿಮ್ಮಪ್ಪ ದೊಡ್ಡ ಮನುಷ್ಯ ವರ್ನಾ, ಇಲ್ಲಾ ಅನ್ನಲ್ಲ. ಆದ್ರೆ ಪಾಪ, ತನ್ನ ನಳಿಗೆ ಎಂಥದ್ದು ಅಂತ ತನಗೇ ಗೊತ್ತಿರ್ಲಿಲ್ಲ. ಇಷ್ಟು ವರ್ಷ ಕಡಲೆಕಾಳು ಹಾರಿಸಿದ್ದಾರೆ!"

ನನಗೆ ಸಿಟ್ಟು ಬಂತು. ಆ ದಿನದ ಹಿಟ್ಟನ್ನು ನಾದಿದ್ದಕ್ಕಿಂತ ಗುದ್ದಿದ್ದೇ ಹೆಚ್ಚು.

ವೆಂಡಲ್ ಆಗಲೇ ಟೋಪಿ ಹಾಕಿಕೊಂಡು ಗಸ್ ಪ್ರೂಟ್‌ನ ಅಂಗಡಿಗೆ ಹೊರಟಿದ್ದ. ಗಸ್ ದನದ ಮೇವು, ಮೊಳೆ, ಮದ್ದು, ಗುಂಡು ಎಲ್ಲವನ್ನೂ ಮಾರುತ್ತಾನೆ. ಯಾವ ಕಾಲದಲ್ಲೋ ತಪ್ಪಿ ತರಿಸಿದ ಎಂಬತ್ತು ಗ್ರೇನ್ ತೂಕದ ಭಾರೀ ಗುಂಡಿನ ಡಬ್ಬಿಗಳು ಅವನಲ್ಲಿ ರಾಶಿ ಬಿದ್ದಿದ್ದವು. ನಮ್ಮೂರಿನ ಹಳೆಯ ಕೋವಿಗಳಿಗೆ ಅವು ಹೊಂದುವುದಿಲ್ಲವಾದ್ದರಿಂದ ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಡಲು ಬಳಸುತ್ತಿದ್ದ.

"ಏಳಾ?" ಎಂದನಂತೆ ಗಸ್, ಕಣ್ಣರಳಿಸಿ. "ಅಯ್ಯೋ ಮಾರಾಯ, ಏಳಕ್ಕೆ ಎಂಬತ್ತೇ ಬೇಕು! ನಿನಗೋಸ್ಕರಾನೇ ತೆಗೆದಿಟ್ಟಿದ್ದೆ." ಬಾಗಿಲ ಬುಡದಿಂದ ಡಬ್ಬಿ ಎತ್ತಿದ. ಬಾಗಿಲು ಧಡಾರೆಂದು ಮುಚ್ಚಿಕೊಂಡಿತು. ಅದನ್ನು ಶುಭಶಕುನ ಎಂದು ವೆಂಡಲ್ ನನಗೆ ಹೇಳಿದ.

ಭಾನುವಾರ ನನ್ನ ತಮ್ಮ ಮರ್ಲ್ ಬಂದ. ಮರ್ಲ್‌ಗೆ ಕೋವಿಯ ಮೇಲೆ ಮೊದಲಿನಿಂದ ಕಣ್ಣು. ಅಪ್ಪನಿಗೆ ಗಂಡುಮಗ ಇದ್ದದ್ದು ತಾನೊಬ್ಬನೇ, ಆದ್ದರಿಂದ ಅದು ತನ್ನದು ಎಂಬುದು ಅವನ ವಾದ. ಕ್ಯಾಸ್ಪರ್ ಪಟ್ಟಣದಲ್ಲಿ ಯಾರೋ ಒಬ್ಬ ಹಳೆಯ ಕೋವಿ ಕೊಟ್ಟರೆ ಹಿಮದ ಮೇಲೆ ಓಡಿಸುವ ಗಾಡಿ ಕೊಡುತ್ತಾನೆಂದು ಅವನೇ ಬಾಯಿ ಬಿಟ್ಟಿದ್ದ. ಅಪ್ಪ ಕೆನ್ನೆಯೂರಿದ ಕೋವಿ ಒಂದು ಗಾಡಿಗೆ ಹೋಗುವುದನ್ನು ನಾನು ಸಹಿಸುವವಳಲ್ಲ.

"ಏಳಂತೆ, ಏಳು!" ಎಂದು ಮರ್ಲ್ ನಕ್ಕ. "ನಿನ್ನ ಕೈಗೆ ಏಳು ಕೊಟ್ರೂ ಒಂದೇ, ಎಪ್ಪತ್ತು ಕೊಟ್ರೂ ಒಂದೇ ಕಣೋ. ಹೋದ ವರ್ಷ ನಿನ್ನ ಗುಂಡು ಪಕ್ಕದೋನ ಹಲಗೆಗೆ ಬಿದ್ದಿತ್ತಲ್ಲ, ಅದೂ ನಳಿಗೆ ತಪ್ಪಾ?"

"ಅದು ಗಾಳಿ," ಎಂದ ವೆಂಡಲ್.

"ಸರಿ ಬಿಡು. ಹಂದಿತೊಡೆ ಬಹುಮಾನದ ಗುರಿ ಪಂದ್ಯ ಬರ್ತಿದೆಯಲ್ಲ, ಅಲ್ಲೇ ನೋಡ್ಕೊಳ್ಳೋಣ. ನಮ್ಮಿಬ್ಬರಲ್ಲಿ ಯಾರು ಮುಂದೋ ಅಪ್ಪನ ಕೋವಿ ಅವನಿಗೆ. ಹೆದರ್ತೀಯಾ?"

"ನಾನಾ? ಏಳರ ನಳಿಗೆ ಇಟ್ಕೊಂಡು ನಾನು ಹೆದರೋದಾ?"

ಇಬ್ಬರೂ ಕೈ ಕುಲುಕಿದರು. ನಾನು ದಾಲ್ಚಿನ್ನಿ ಬನ್ನಿನ ತಟ್ಟೆ ಹಿಡಿದು ಇಬ್ಬರ ನಡುವೆಯೇ ನಿಂತಿದ್ದೆ. ಕುಲುಕಿದ ಕೈಗಳು ತಟ್ಟೆಯ ಮೇಲೇ ಇದ್ದವು. ಒಬ್ಬನಾದರೂ, "ವರ್ನಾ, ನಿನಗೆ ಬೇಕಾ?" ಎನ್ನಲಿಲ್ಲ. ನನಗೆ ಬೇಕಿತ್ತು. ಈ ಮನೆಯಲ್ಲಿ ನನಗೆ ಬೇಕೆನಿಸಿದ ವಸ್ತುಗಳೇ ಕಡಿಮೆ, ಅದರಲ್ಲಿ ಅದೊಂದು. ಇಬ್ಬರೂ ಒಂದೊಂದು ಬನ್ನು ಎತ್ತಿಕೊಂಡರು.

ಮುಂದಿನ ವಾರ ವೆಂಡಲ್ ಊರಾಚೆ ಜಲ್ಲಿ ತೋಡಿದ ಗುಂಡಿಗೆ ಹೋಗಿ ಭಾರದ ತೋಟಾ ಪರೀಕ್ಷಿಸಿ ಬಂದ. ಬಹಳ ಹತ್ತಿರದಿಂದ ಹೊಡೆದ ರಟ್ಟಿನ ಮೇಲೆ ತೂತುಗಳು ದುಂಡಗಿರಲಿಲ್ಲ, ಉದ್ದುದ್ದ ಸೀಳಿದ್ದವು. ಯಾವ ಗುಂಡಾದರೂ ಅಡ್ಡ ಮಲಗಿಕೊಂಡು ಹೊಡೆದರೆ ಆಗುವ ತೂತು. ವೆಂಡಲ್ ಆ ರಟ್ಟನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ.

"ನೋಡು ವರ್ನಾ, ಗಾಯ! ಹಗುರ ಗುಂಡು ಹೀಗೆ ಸೀಳುತ್ತಾ?"

ಆ ಹೊತ್ತಿಗೆ ಆರ್ಡಿತ್ ಲುಂಡ್ ನಮ್ಮ ಮನೆಗೆ ಬಂದಿದ್ದರು. ಆರ್ಡಿತ್ ಊರಿನ ಕೋವಿ ಸಂಘದ ಅಧ್ಯಕ್ಷೆ. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಕೊರಳಲ್ಲಿ ಸದಾ ಸೀಟಿ. ಅವರು ತೋಟಾ ತುಂಬುವುದಿಲ್ಲ, ಅಂಗಡಿಯದನ್ನೇ ಹಾರಿಸುತ್ತಾರೆ, ಪ್ರತಿ ವರ್ಷವೂ ಹಂದಿತೊಡೆಯನ್ನು ಅವರೇ ಮನೆಗೆ ಒಯ್ಯುತ್ತಾರೆ. ಕನ್ನಡಕ ಸರಿಮಾಡಿಕೊಂಡು ರಟ್ಟು ನೋಡಿದರು.

"ವೆಂಡಲ್, ನಿನ್ನ ಗುಂಡು ಕುಡುಕ ಬಾಗಿಲಲ್ಲಿ ನುಗ್ಗಿದ ಹಾಗೆ ನುಗ್ಗಿದೆ. ಭುಜ ಮೊದಲು."

"ನಿಮಗೆ ಅಂಗಡಿ ತೋಟಾದ ಅಭ್ಯಾಸ ಆರ್ಡಿತ್. ಇದು ನಿಮಗೆ ಅರ್ಥ ಆಗಲ್ಲ ಬಿಡಿ."

"ಆಗಲ್ಲಪ್ಪಾ," ಎಂದು ಆರ್ಡಿತ್ ಬನ್ನು ಮುರಿದರು. "ನನಗೆ ಹಂದಿತೊಡೆ ಸುಡೋದು ಮಾತ್ರ ಅರ್ಥ ಆಗುತ್ತೆ."

ಅಲ್ಲಿಗೆ ನಿಂತಿದ್ದರೆ ನನ್ನೊಬ್ಬಳ ಸೊಂಟಕ್ಕೆ ಮುಗಿಯುತ್ತಿತ್ತು. ಆದರೆ ಗಸ್ ತನ್ನ ಅಂಗಡಿಗೆ ಬಂದವರಿಗೆಲ್ಲ, "ವೆಂಡಲ್ ಹತ್ರ ಅಳೆಸ್ಕೊಂಡು ಬಾ, ನಿಂದೂ ಬಿಗಿ ನಳಿಗೇನೋ ಏನೋ," ಎನ್ನತೊಡಗಿದ. ಜಾತಕ ತೋರಿಸಲು ಬರುವವರಂತೆ ಗಂಡಸರು ಕೋವಿ ಹೊತ್ತು ನನ್ನ ಅಡುಗೆಮನೆಗೆ ಬಂದರು. ವೆಂಡಲ್ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಸರಳಿಗೆ ಎರಡು ಕಿವಿ ಅಂಟಿಸಿ ತಳ್ಳುತ್ತಿದ್ದ. ನನ್ನ ದಾಲ್ಚಿನ್ನಿ ಬನ್ನೊಂದನ್ನು ಎತ್ತಿ, "ನೋಡಿ, ಸುರುಳಿ ಅಂದ್ರೆ ಹೀಗೆ. ಸಡಿಲ ಆದ್ರೆ ಹೀಗೆ," ಎಂದು ಬಿಡಿಸಿ ತೋರಿಸುತ್ತಿದ್ದ, ಬಿಡಿಸಿದ್ದನ್ನು ತಿನ್ನುತ್ತಿದ್ದ. ಎಲ್ಲರ ಜಾತಕವೂ ಚೆನ್ನಾಗಿತ್ತು. ಹನ್ನೆರಡರ ನಳಿಗೆಗಳೆಲ್ಲ ಆರಾದವು, ಹದಿನಾಲ್ಕೆಲ್ಲ ಏಳಾದವು. ಪಾದ್ರಿಯವರ ಕೋವಿ ಐದು ಎಂದಾಗ ಅವರು ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. "ನಮ್ಮ ತಾತ ಇದನ್ನ ಯಾರಿಗೂ ಹೇಳ್ಲಿಲ್ಲ ನೋಡಿ," ಎಂದು ಕಣ್ಣೊರೆಸಿಕೊಂಡರು.

ಜನ ವೆಂಡಲ್‌ನನ್ನು ಪ್ರೊಫೆಸರ್ ಎನ್ನತೊಡಗಿದರು. ಬಸ್ಸಿನ ಮಕ್ಕಳು ಕೂಡ ಎಂದರು. ಗಸ್‌ನ ಅಂಗಡಿಯಲ್ಲಿ ಬಾಗಿಲಿಗೆ ಅಡ್ಡ ಇಡಲು ಒಂದು ಡಬ್ಬಿಯೂ ಉಳಿಯಲಿಲ್ಲ. ಬಾಗಿಲು ಇಡೀ ದಿನ ಬಡಿದುಕೊಳ್ಳುತ್ತಿತ್ತು. ಮರ್ಲ್ ಮಾತ್ರ, "ಆ ಪ್ರೊಫೆಸರ್ ಅಳೆದದ್ದನ್ನ ನಾನು ನಂಬ್ತೀನಾ?" ಎಂದು ಊರಲ್ಲೆಲ್ಲ ಹೇಳಿಕೊಂಡು ತಿರುಗಿದ. ಆಮೇಲೆ ತನ್ನ ಕೊಟ್ಟಿಗೆಯಲ್ಲಿ ಬಾಗಿಲು ಹಾಕಿಕೊಂಡು ಸರಳಿಗೆ ಎರಡು ಕಿವಿ ಅಂಟಿಸಿ ಅಳೆದು, ಕೊನೆಯ ಡಬ್ಬಿ ಕೊಂಡದ್ದು ತಾನೇ ಎಂದು ಯಾರಿಗೂ ಹೇಳಬೇಡ ಎಂದು ಗಸ್‌ನಿಂದ ಮಾತು ತೆಗೆದುಕೊಂಡ. ಗಸ್ ಅದನ್ನು ಆರ್ಡಿತ್‌ಗೆ ಒಬ್ಬರಿಗೇ ಹೇಳಿದ. ಆರ್ಡಿತ್ ನನಗೆ ಒಬ್ಬಳಿಗೇ ಹೇಳಿದರು.

ಪಂದ್ಯದ ದಿನ ನಾನು ಹೊಲದಂಚಿನಲ್ಲಿ ಬೀನ್ಸ್ ಕಾಳು, ಮಾಂಸ ಹಾಕಿದ ಚಿಲ್ಲಿ ಸಾರಿನ ದೊಡ್ಡ ಪಾತ್ರೆ ಇಟ್ಟುಕೊಂಡು ನಿಂತಿದ್ದೆ. ಗಾಳಿ ಎಂದಿನಂತೆ ಪಶ್ಚಿಮದಿಂದ ಬೀಸುತ್ತಿತ್ತು. ಗುರಿಹಲಗೆಗಳು ಇನ್ನೂರು ಗಜದಾಚೆ, ಮಣ್ಣಿನ ದಿಬ್ಬದ ಮುಂದೆ. ಪಕ್ಕದಲ್ಲಿ ಸಂಘದವರು ಹಂದಿಯ ಚಿತ್ರ ಬರೆದ ದೊಡ್ಡ ಫಲಕ ನಿಲ್ಲಿಸಿದ್ದರು. ಆರ್ಡಿತ್ ಸೀಟಿ ಊದಿದರು. ಗಂಡಸರೆಲ್ಲ ಉಸಿರು ಬಿಗಿಹಿಡಿದು ಹಾರಿಸಿದರು.

ಮತ್ತೆ ಸೀಟಿ. ಕೋವಿಗಳೆಲ್ಲ ಖಾಲಿ ಮಾಡಿ ಕೆಳಗಿಟ್ಟ ಮೇಲೆ ಜನ ಹಲಗೆ ನೋಡಲು ಹೋದರು. ಹೋದವರು ಅಲ್ಲೇ ನಿಂತರು. ಹಲಗೆಗಳ ಮೇಲೆ ಏನೂ ಇರಲಿಲ್ಲ. ಪಾದ್ರಿಯವರ ಹಲಗೆಯ ಮೂಲೆಯಲ್ಲಿ ಒಂದು ಉದ್ದನೆಯ ಸೀಳಿತ್ತು, ಅದು ಯಾರದೆಂದು ಯಾರೂ ಒಪ್ಪಿಕೊಳ್ಳಲಿಲ್ಲ. ಚಿತ್ರದ ಹಂದಿಗೆ ಮಾತ್ರ ಅಡ್ಡಡ್ಡ ಗಾಯಗಳಾಗಿದ್ದವು. ಆರ್ಡಿತ್ ಅವರ ಹಲಗೆಯ ನಡುವೆ ದುಂಡನೆಯ ತೂತುಗಳು ಒಂದರ ಪಕ್ಕ ಒಂದು ಕೂತಿದ್ದವು.

"ಗಾಳಿ," ಎಂದರು ಪಾದ್ರಿ.

"ಈ ವರ್ಷದ ಕಾಗದಾನೇ ಸರಿಯಿಲ್ಲ," ಎಂದ ಗಸ್, ಯಾರ ಮುಖವನ್ನೂ ನೋಡದೆ.

"ಕಾಗದಕ್ಕೇನು ಬಂತೋ? ಗುಂಡು ಅದಕ್ಕೆ ತಾಗಿದ್ರೆ ತಾನೆ!" ಎಂದು ಆರ್ಡಿತ್ ಹೇಳಿದರು. "ವೆಂಡಲ್ ಸೊನ್ನೆ. ಮರ್ಲ್ ಸೊನ್ನೆ. ಮರ್ಲ್, ನೀನ್ಯಾಕಪ್ಪಾ ಸೊನ್ನೆ? ನೀನು ಹಗುರ ಗುಂಡಿನೋನಲ್ವಾ?"

ಮರ್ಲ್ ಕೆಮ್ಮಿದ. "ಆಡ್ಕೊಳ್ಳೋದು ಬಿಡಿ. ಸೊನ್ನೆಗೆ ಸೊನ್ನೆ ಸಮ. ಇನ್ನೊಂದು ಸುತ್ತು ಹೊಡಿಯೋಣ. ಅಪ್ಪನ ಕೋವಿ ಇವತ್ತು ಇತ್ಯರ್ಥ ಆಗ್ಲೇಬೇಕು. ನನ್ನ ಗಾಡೀಲಿ ಹಳೇ ತೋಟಾ ಇದೆ."

ಹಳೆಯ ತೋಟಾ ಎಂದರೆ ಹಗುರ ಗುಂಡು. ಅದರಲ್ಲಾದರೆ ಮರ್ಲ್ ಎರಡು ಕಣ್ಣು ಮುಚ್ಚಿಕೊಂಡರೂ ವೆಂಡಲ್‌ಗಿಂತ ಮುಂದೆ. ಕೋವಿ ಸಂಜೆಯೊಳಗೆ ಕ್ಯಾಸ್ಪರ್ ದಾರಿ ಹಿಡಿಯುತ್ತಿತ್ತು.

ವೆಂಡಲ್‌ಗೆ ಆ ಚಿಂತೆಯೇ ಇರಲಿಲ್ಲ. ಅವನ ಏಳನ್ನು ಯಾರೋ ಅನುಮಾನಿಸಿದರಲ್ಲ, ಅದೇ ದೊಡ್ಡದಾಗಿತ್ತು. "ಮೊದ್ಲು ಎಲ್ರೂ ಇಲ್ಲಿ ಬನ್ನಿ! ನಿಮ್ಮೆದುರೇ ಅಳೀತೀನಿ. ಏಳು ಬರ್ಲಿಲ್ಲ ಅಂದ್ರೆ ಕೇಳಿ!" ಎಂದು ಅಪ್ಪನ ಕೋವಿಯನ್ನು ನಮ್ಮ ಗಾಡಿಯ ಹಿಂಬದಿಯ ಹಲಗೆಯ ಮೇಲೆ ಮಲಗಿಸಿದ. ಸರಳು ಸಿಕ್ಕಿಸಿದ. ಅಂಟುಪಟ್ಟಿ ಹರಿದು ಮೇಲೊಂದು ಕಿವಿ, ಕೆಳಗೊಂದು ಕಿವಿ ಅಂಟಿಸಿದ. ಊರೇ ಸುತ್ತ ನಿಂತು ಮೇಲಿನ ಕಿವಿಯನ್ನು ನೋಡುತ್ತಿತ್ತು. ನಾನು ಚಿಲ್ಲಿಯ ಸೌಟು ಹಿಡಿದು ಗಾಡಿಯ ಪೂರ್ವಕ್ಕೆ ನಿಂತಿದ್ದೆ.

ಆಗ ಒಂದು ಜೋರು ಗಾಳಿ ಬಂತು. ಟೋಪಿಗಳು ಹಾರಿದವು, ಎಲ್ಲರೂ ಟೋಪಿ ಹಿಡಿದುಕೊಂಡರು. ಕೆಳಗಿನ ಕಿವಿ ಪಟಪಟ ಬಡಿದು, ಕಿತ್ತು, ಹಾರಿ ಬಂದು ನನ್ನ ಏಪ್ರನ್ನಿಗೆ ಅಂಟಿಕೊಂಡಿತು. ನಾನು ಅದನ್ನೇ ನೋಡಿದೆ. ಸರಳಿನ ಮೇಲೆ ಒಂಟಿಯಾಗಿ ಉಳಿದ ಕಿವಿಯನ್ನೂ ನೋಡಿದೆ. ಅಷ್ಟು ದಿನ ಹೊಳೆಯದಿದ್ದದ್ದು ಆಗ ಹೊಳೆಯಿತು. ಏಪ್ರನ್ನಿಗೆ ಅಂಟಿದ ಕಾಗದದ ಕಿವಿಯ ಮೇಲೆ ಅಂಗೈ ಇಟ್ಟು ಮುಚ್ಚಿಕೊಂಡೆ. ತಲೆ ಎತ್ತಿದರೆ ಆರ್ಡಿತ್ ನನ್ನ ಅಂಗೈಯನ್ನೇ ನೋಡುತ್ತಿದ್ದರು.

ಗಾಳಿಗೆ ಕಣ್ಣಲ್ಲಿ ನೀರು ಸುರಿಯುತ್ತಿದ್ದ ವೆಂಡಲ್ ಸರಳು ತಳ್ಳಿದ. ಕಿವಿ ಕೆಳಗೆ ಹೋಯಿತು. ಏಳು ಇಂಚಾಯಿತು, ಮೇಲೆ ಏನೂ ಬರಲಿಲ್ಲ. "ಬರುತ್ತೆ, ಬರುತ್ತೆ," ಎಂದ. ಒಂಬತ್ತಾಯಿತು, ಹತ್ತಾಯಿತು. ಹದಿನಾಲ್ಕಕ್ಕೆ ಕಿವಿ ಏನೂ ಆಗಿಲ್ಲವೆಂಬಂತೆ ಮೇಲೆ ಬಂದು ನಿಂತಿತು.

ಆರ್ಡಿತ್ ಮುಂದೆ ಬಂದು, "ಸಾಕು ಈ ಆಟ," ಎಂದು ಉಳಿದ ಕಿವಿಯನ್ನು ಕಿತ್ತು ಉಂಡೆ ಮಾಡಿ ಕಸದ ಡಬ್ಬಿಗೆ ಹಾಕಿದರು.

"ಏಳಿತ್ತು," ಎಂದ ವೆಂಡಲ್. ಅವನ ಮುಖ ಸುಣ್ಣವಾಗಿತ್ತು. "ದೇವರಾಣೆ ಏಳಿತ್ತು. ಎಷ್ಟೋ ಸಲ ಅಳೆದಿದ್ದೀನಿ."

"ಹೌದು, ನಾನೂ ನೋಡಿದೀನಿ, ಏಳೇ ಇತ್ತು," ಎಂದರು ಪಾದ್ರಿ.

ಮರ್ಲ್ ಗಾಡಿಯ ಹಲಗೆಗೆ ಗುದ್ದಿದ. "ಏಳಿದ್ದದ್ದು ಹದಿನಾಲ್ಕು ಹೇಗೋ ಆಗುತ್ತೆ? ಬಿಚ್ಚಿಬಿಟ್ಟಿದ್ದೀಯ ಕಣೋ! ಆ ದಪ್ಪ ಗುಂಡು ತುರುಕಿ ತುರುಕಿ ಅಪ್ಪನ ನಳಿಗೆಯ ಸುರುಳೀನೇ ಬಿಚ್ಚಿ ಹಾಕಿದ್ದೀಯ!"

ಈ ಮಾತಿಗೆ ಬೇರೆ ಊರಿನಲ್ಲಾದರೆ ನಗುತ್ತಿದ್ದರು. ನಮ್ಮೂರಿನವರು ತಮ್ಮ ತಮ್ಮ ಕೋವಿಗಳ ಕಡೆ ಓಡಿದರು. ಗಾಡಿಗಾಡಿಗಳ ಹಿಂದೆ ಎರಡು ಕಿವಿಯ ಸರಳುಗಳು ನಳಿಗೆ ಸೇರಿದವು. "ನಂದು ಆರು, ಏನೂ ಆಗಿಲ್ಲ!" "ನಂದು ಏಳು, ದೇವರು ದೊಡ್ಡೋನು!" ಪಾದ್ರಿಯವರದು ಐದೇ ಇತ್ತು. ಎಲ್ಲರೂ ನಿಟ್ಟುಸಿರು ಬಿಟ್ಟು, ಬಿಚ್ಚಿಹೋದದ್ದು ವೆಂಡಲ್‌ನದೊಂದೇ ಎಂದು ಸಮಾಧಾನದಿಂದ ಮರುಗಿದರು.

"ಆರ್ಡಿತ್, ನೀವೇ ಹೇಳಿ," ಎಂದ ಗಸ್. "ನಳಿಗೆ ಹೀಗೆ ಬಿಚ್ಕೊಳ್ಳುತ್ತಾ?"

ಆರ್ಡಿತ್ ನನ್ನ ಕಡೆ ನೋಡಿದರು. ಸೀಟಿಯನ್ನು ಬೆರಳಲ್ಲಿ ತಿರುಗಿಸಿದರು. "ನನ್ನ ಕಾಲದಲ್ಲಿ ಅಂಥದ್ದನ್ನ ನೋಡಿಲ್ಲ. ಆದ್ರೆ ನನ್ನ ಕಾಲದಲ್ಲಿ ವೆಂಡಲ್‌ನಂಥೋನನ್ನೂ ನೋಡಿಲ್ಲ."

ನಾನು ಸೌಟು ಕೆಳಗಿಟ್ಟೆ. "ಏನೋ ಮರ್ಲ್, ಇನ್ನೊಂದು ಸುತ್ತು ಹೊಡೀತೀಯಾ?"

"ಯಾತಕ್ಕೆ? ಬಿಚ್ಚಿಹೋದ ಕೊಳವೆಗೆ? ಇದನ್ನ ತಗೊಂಡು ಹೋದ್ರೆ ಕ್ಯಾಸ್ಪರ್‌ನೋನು ಹಿಮದ ಗಾಡಿ ಅಲ್ಲ, ಒಂದು ಸಲಿಕೇನೂ ಕೊಡಲ್ಲ."

"ಹಾಗಾದ್ರೆ ನನಗಿರ್ಲಾ?"

ನಾನು ಅಲ್ಲಿರುವುದೇ ಅವನಿಗೆ ಆಗ ಕಂಡಂತಿತ್ತು. "ನೀನೇ ಇಟ್ಕೋ ಹೋಗು. ಗೋಡೆಗೆ ಚೆನ್ನಾಗಿರುತ್ತೆ."

"ಜೋರಾಗಿ ಹೇಳು, ಗಾಳಿಗೆ ಕೇಳಿಸ್ಲಿಲ್ಲ."

"ಕೋವಿ ವರ್ನಾಗೆ!" ಎಂದು ಅರಚಿದ. ಆರ್ಡಿತ್ ಸೀಟಿ ಊದಿ ಪಂದ್ಯ ಮುಗಿಸಿದರು. ನಾನು ಎಲ್ಲರಿಗೂ ಚಿಲ್ಲಿ ಬಡಿಸಿದೆ. ಮರ್ಲ್‌ಗೆ ಎರಡು ಸೌಟು.

ಮನೆಗೆ ಬಂದ ಮೇಲೆ ವೆಂಡಲ್ ಮಾತಾಡಲಿಲ್ಲ. ಊಟಕ್ಕೆ ಕೂತ, ಚಮಚ ಹಿಡಿದ, ಇಟ್ಟ. "ನಿಮ್ಮಪ್ಪನ ಕೋವೀನ ಹಾಳುಮಾಡ್ಬಿಟ್ಟೆ ವರ್ನಾ," ಎಂದ. ತೋಟಾ ಯಂತ್ರದ ತಿರುಪು ಬಿಚ್ಚಿ ನೆಲಮಾಳಿಗೆಗೆ ಒಯ್ದ. ಸುಳ್ಳು ಹೇಳುವುದೇಕೆ, ಆ ನಿಶ್ಶಬ್ದ ನನಗೆ ಬಹಳ ಹಿತವಾಗಿತ್ತು. ಆ ವಾರವೆಲ್ಲ ನನ್ನ ಮೇಜಿನ ಮೇಲೆ ನನ್ನ ಪಾತ್ರೆಗಳೇ ಇದ್ದವು. ಆದರೆ ಬಸ್ಸಿನ ಮಕ್ಕಳು ಬಂದು, "ವೆಂಡಲ್ ಅಂಕಲ್‌ಗೆ ಹುಷಾರಿಲ್ವಾ?" ಎಂದು ಕೇಳಿದಾಗ ನನ್ನ ಕೈಯಲ್ಲಿ ತಡೆಯಲು ಆಗಲಿಲ್ಲ.

ಅಪ್ಪ ತುಂಬಿಟ್ಟ ಹಳೆಯ ತೋಟಾಗಳು ಕಾಫಿ ಡಬ್ಬಿಯಲ್ಲಿ ಇನ್ನೂ ಉಳಿದಿದ್ದವು. ಶನಿವಾರ ಕೋವಿಯನ್ನೂ ಗಂಡನನ್ನೂ ಗಾಡಿಯಲ್ಲಿ ಹಾಕಿಕೊಂಡು ಜಲ್ಲಿ ಗುಂಡಿಗೆ ಹೋದೆ. ರಟ್ಟು ನಿಲ್ಲಿಸಿ, ಅಪ್ಪನ ಕೆನ್ನೆಯ ಜಾಗದಲ್ಲಿ ನನ್ನ ಕೆನ್ನೆ ಊರಿ ಹೊಡೆದೆ. ತೂತುಗಳು ದುಂಡಗಿದ್ದವು, ಬನ್ನಿನಡಿ ಮುಚ್ಚಿಹೋಗುವಷ್ಟು ಒತ್ತೊತ್ತಾಗಿದ್ದವು.

ವೆಂಡಲ್ ಎದ್ದು ನಿಂತ. ವಾರದಿಂದ ಬಾಡಿದ್ದ ಮುಖ ಒಮ್ಮೆಗೇ ಅರಳಿತು. "ವಾಪಸ್ ಸುತ್ಕೊಂಡಿದೆ! ಹಗುರ ಗುಂಡು ಸುರುಳೀನ ವಾಪಸ್ ಸುತ್ತಿದೆ ವರ್ನಾ! ಇದು ಎಲ್ರಿಗೂ ಗೊತ್ತಾಗ್ಬೇಕು. ಮೊದ್ಲು ಮರ್ಲ್‌ಗೆ ಹೇಳ್ತೀನಿ, ಆಮೇಲೆ ಪಾದ್ರಿಗೆ..." ಎನ್ನುತ್ತ ಗಾಡಿಯ ಕಡೆ ಓಡಿದ.

"ವೆಂಡಲ್, ಇಲ್ಲಿ ಬಾ."

ಏಪ್ರನ್ನಿನ ಜೇಬಿನಿಂದ ಆ ಕಿವಿಯನ್ನು ತೆಗೆದು ಅವನ ಅಂಗೈಯಲ್ಲಿಟ್ಟೆ. ಯಾವಾಗ ಹಾರಿತು, ಎಲ್ಲಿ ಅಂಟಿತು ಎಂದು ಹೇಳಿದೆ. ಒಂದು ಕಡ್ಡಿ ಹಿಡಿದು ಅರ್ಧ ಸುತ್ತು ತಿರುಗಿಸಿ ತೋರಿಸಿದೆ, ಆಮೇಲೆ ಪೂರ್ತಿ. ಅವನು ಕಡ್ಡಿ ಇಸಕೊಂಡು ತಾನೂ ತಿರುಗಿಸಿ ನೋಡಿದ. ಬೆರಳು ಮಡಿಚಿ ತನ್ನಷ್ಟಕ್ಕೆ, "ಗಸ್... ಪಾದ್ರಿ... ಅಯ್ಯೋ, ಇಡೀ ಊರು..." ಎಂದ. ಆಮೇಲೆ ಇನ್ನೂ ಮೆಲ್ಲಗೆ, "ಹಾಗಾದ್ರೆ ನಿಮ್ಮಪ್ಪಂಗೆ ಗೊತ್ತಿತ್ತು," ಎಂದ.

"ಗೊತ್ತಿತ್ತು."

"ಕಡಲೆಕಾಳು ಅಂದ್ಬಿಟ್ಟೆ."

"ಅಂದೆ."

ದಾರಿಯುದ್ದಕ್ಕೂ ಅವನು ಕೋವಿಯನ್ನು ತೊಡೆಯ ಮೇಲೆ ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡಿದ್ದ. ಮನೆಗೆ ಬಂದು ನಾನೇ ಅದನ್ನು ಗೋಡೆಗೆ ನೇತುಹಾಕಿದೆ. ಬನ್ನು ಒಲೆಯಿಂದ ತೆಗೆಯುವಷ್ಟರಲ್ಲಿ ಫೋನು ಹೊಡೆಯಿತು. ವೆಂಡಲ್ ಎತ್ತಿಕೊಂಡ. ಮರ್ಲ್‌ನ ದನಿ ಎಷ್ಟು ದೊಡ್ಡದೆಂದರೆ ಒಲೆಯ ಹತ್ತಿರಕ್ಕೂ ಕೇಳಿಸುತ್ತದೆ.

"ಏನೋ ಪ್ರೊಫೆಸರ್, ಜಲ್ಲಿ ಗುಂಡಿ ಕಡೆ ಇವತ್ತು ಸದ್ದು ಕೇಳಿಸ್ತಂತಲ್ಲ? ಅಪ್ಪನ ಕೋವಿ ಏನಾದ್ರೂ ಸರಿಹೋಯ್ತಾ? ಸರಿಹೋಗಿದ್ರೆ ಹೇಳು ಮಾರಾಯ, ನಾನು ಅವತ್ತು ಸಿಟ್ಟಲ್ಲಿ ಏನೋ ಅಂದ್ಬಿಟ್ಟೆ, ಅದನ್ನ ಲೆಕ್ಕಕ್ಕೆ ಹಿಡೀಬೇಡ."

ನಾನು ಬನ್ನಿನ ತಟ್ಟೆ ಹಿಡಿದು ನಿಂತೆ. ಈ ಮನುಷ್ಯ ಮದುವೆಯಾದಂದಿನಿಂದ ಒಂದು ಗುಟ್ಟನ್ನೂ ಅಡುಗೆಮನೆಯಿಂದ ಪಡಸಾಲೆಯವರೆಗೆ ಹೊತ್ತವನಲ್ಲ. ವೆಂಡಲ್ ಗೋಡೆಯ ಮೇಲಿನ ಕೋವಿ ನೋಡಿದ. ನನ್ನನ್ನು ನೋಡಿದ. ಗಂಟಲು ಸರಿಮಾಡಿಕೊಂಡ.

"ಇಲ್ಲ ಕಣೋ ಮರ್ಲ್," ಎಂದ, ಬಹಳ ದುಃಖದಿಂದ. "ಇವತ್ತೂ ಅಳೆದೆ. ಇಪ್ಪತ್ತಕ್ಕೆ ಬಂದಿದೆ. ಇನ್ನೂ ಬಿಚ್ಕೋತಾನೇ ಇದೆ."

ಇಷ್ಟು ವರ್ಷ ಅವನು ಆಡಿದ ಮಾತುಗಳಲ್ಲಿ ನನ್ನ ಕೆಲಸಕ್ಕೆ ಬಂದದ್ದು ಅದೊಂದೇ. ತಟ್ಟೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಬನ್ನನ್ನು ಅವನ ಮುಂದಿಟ್ಟೆ. ಬಿಡಿಸದೆ ತಿಂದ.